ಜೇನುಗುಡ್ಡದ ಕೆರೆಯ ಧಾರೆ

ಆ ಐದು ಗಿಟುಕು ಪುಟ್ಟಗೌರಮ್ಮನ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲೆ ಕಾಯಿ ತಿರುವಿ ಹಾಕುವಾಗ. ಹೊನ್ನವಳ್ಳಿ ಕಡೆಯ ತೆಂಗಿನ ಮನೆಗಳಲ್ಲಿ ಅಟ್ಟ ಅಂದರೆ ಅರ್ಧ ಬದುಕು. ತೋಟದಿಂದ ಬಂದ ಕಾಯಿ ಸಿಪ್ಪೆ ಸಮೇತ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಕೂತು, ಕೆಳಗಿನ ಒಲೆಯ ಬಿಸಿ ಕುಡಿದು, ಒಳಗಿನ ನೀರೆಲ್ಲ ಇಂಗಿಸಿಕೊಂಡು, ಒಂದು ದಿನ ಅಲ್ಲಾಡಿಸಿದರೆ ಗಳಗಳ ಅನ್ನುತ್ತದೆ. ಆಗ ಸುಲಿದು ಕರಟ ಒಡೆದರೆ ಒಳಗೆ ಚೆಂಡಿನ ಹಾಗೆ ಇಡಿಯಾಗಿ ಕೊಬ್ಬರಿ ಗಿಟುಕು. ಈ ಸಲದ ಕಾಯಿ ಸುಲಿಯೋಕೆ ಇನ್ನೂ ಆಳು ಬಂದಿಲ್ಲ. ಹಾಗಿರುವಾಗ ಮೂಲೆಯಲ್ಲಿ, ಮಡಿಬಟ್ಟೆಯ ಗಂಟಿನೊಳಗೆ, ಒಂದು ಚೂರೂ ತರಚದ, ಒಂದೇ ಅಳತೆಯ ಐದು ಗಿಟುಕು. ಪ್ರತಿಯೊಂದಕ್ಕೂ ಬೆರಳಗಲ ಅರಿಶಿನ.

ಪುಟ್ಟಗೌರಮ್ಮ ಗಂಟು ಹಿಡಿದುಕೊಂಡೇ ಏಣಿ ಇಳಿದಳು. ಅವಳ ಅತ್ತೆ ಕೆಂಪಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಹುರುಳಿ ಕೇರುತ್ತಿದ್ದಳು.

"ಇದೇನತ್ತೆ?"

"ಕಣ್ಣಿಲ್ವಾ ನಿಂಗೆ. ಕೊಬ್ಬರಿ."

"ಯಾರಿಗೆ?"

"ಜೇನುಗುಡ್ಡದ ಗಂಗಮ್ಮಂಗೆ. ಹರಕೆ ಐತೆ."

"ಗಂಗಮ್ಮಂಗೆ ಕಾಯಿ ಒಡೀತಾರೆ. ಐದು ಗಿಟುಕಿಗೆ ಅರಿಶಿನ ಹಚ್ಚಿಡೋದು ಹೆಣ್ಣಿನ ಮಡಿಲು ತುಂಬೋಕೆ. ನನ್ನ ಮದುವೇಲಿ ನಮ್ಮವ್ವನೂ ಹಿಂಗೇ ಇಟ್ಟಿದ್ಲು." ಪುಟ್ಟಗೌರಮ್ಮ ದನಿ ತಗ್ಗಿಸಿದಳು. "ನಮ್ಮ ಸುನಂದನ ಮದುವೆ ಮಾತೇ ಇನ್ನೂ ಗಟ್ಟಿ ಆಗಿಲ್ಲ. ತುರುವೇಕೆರೆಯವರು ಬಂದು ನೋಡ್ಕೊಂಡು ಹೋಗವ್ರೆ, ಅಷ್ಟೆ. ಇದು ಯಾರ ಮಡಿಲಿಗೆ?"

ಮೊರ ನಿಂತಿತು. "ಬಾಗಿಲು ಹಾಕು ಮೊದ್ಲು," ಅಂದಳು ಕೆಂಪಕ್ಕ.

ಬಾಗಿಲು ಹಾಕಬೇಕಾದಂಥ ಸಂಗತಿ ಆ ಮನೆಯಲ್ಲಿ ಒಂದೇ ಒಂದು. ಕೆಂಪಕ್ಕನಿಗೆ ಮಕ್ಕಳು ಇಬ್ಬರು. ಮಗ ಮಾಯಣ್ಣ, ಪುಟ್ಟಗೌರಮ್ಮನ ಗಂಡ. ಅವನಿಗಿಂತ ಚಿಕ್ಕವಳು ಲಕ್ಷ್ಮಿದೇವಮ್ಮ, ಶೆಟ್ಟಿಕೆರೆಗೆ ಕೊಟ್ಟದ್ದು, ಗಂಡನನ್ನು ಬೇಗ ಕಳಕೊಂಡವಳು. ಅವಳ ಮಗ ಅರುಣ್ ಕುಮಾರ ಅಲ್ಲೇ ಪಂಪ್‌ಸೆಟ್ ಮೋಟರು ರಿವೈಂಡಿಂಗ್ ಮಾಡಿಕೊಂಡಿದ್ದಾನೆ. ಮಾಯಣ್ಣನ ಮಗಳು ಸುನಂದಾಗೆ ಸೋದರತ್ತೆ ಮಗ. ಇವಳು ಹುಟ್ಟಿದಾಗಲೇ ಇವಳು ಅವನಿಗೆ ಅಂತ ಮನೆಯವರೆಲ್ಲ ಆಡಿಕೊಂಡದ್ದೇ. ಆದರೆ ಆರು ವರ್ಷದ ಹಿಂದೆ ಲಕ್ಷ್ಮಿದೇವಮ್ಮನ ಮಗಳ ಮದುವೆ ಬಿದ್ದದ್ದು ತಿಪಟೂರಿನ ಕೊಬ್ಬರಿ ಹರಾಜಿನ ದಿನ. ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದ ಸೋದರಮಾವ ಮಾಯಣ್ಣ, ಬೆಳಿಗ್ಗೆ ಹೋಗಿ ಲಾಟು ಕೊಟ್ಟು ಬಂದುಬಿಡುತ್ತೇನೆ ಅಂತ ಹೋದವನು ಮಂಡಿಯಲ್ಲಿ ಸಿಕ್ಕಿಕೊಂಡ. ಅವನು ಛತ್ರ ಮುಟ್ಟುವ ಹೊತ್ತಿಗೆ, ಮುಹೂರ್ತ ಮೀರುತ್ತದೆ ಅಂತ ಇನ್ನ್ಯಾರನ್ನೋ ಮಾವನ ಜಾಗಕ್ಕೆ ನಿಲ್ಲಿಸಿ ತಾಳಿ ಕಟ್ಟಿಸಿಬಿಟ್ಟಿದ್ದರು. ಆ ಮದುವೆಗೆ ಗಂಡು ಹುಡುಕಿದವನೂ ಅವನೇ, ಚಪ್ಪರಕ್ಕೆ ಗರಿ ಕಳಿಸಿದವನೂ ಅವನೇ. ಹಾಸಿದ ಎಲೆಯ ಮುಂದೆ ನಿಂತು, "ಇನ್ನು ಈ ಮನೆ ನೀರು ಮುಟ್ಟಿದ್ರೆ ನಾನು ಮಾಯಣ್ಣನೇ ಅಲ್ಲ" ಅಂದು ಹೊರಟು ಬಂದವನು ಇವತ್ತಿಗೂ ಶೆಟ್ಟಿಕೆರೆ ಬಸ್ಸು ಹತ್ತಿಲ್ಲ.

"ಸುನಂದಂಗೂ ಅರುಣಂಗೂ ಗುಡ್ಡದ ಕೆರೆ ಹತ್ರ ತಾಳಿ ಕಟ್ಟಿಸ್ತೀನಿ," ಅಂದಳು ಕೆಂಪಕ್ಕ, ಹುರುಳಿ ವಿಷಯ ಮಾತಾಡಿದ ಹಾಗೆ. "ಒಂದು ಬುಧವಾರ. ನಿನ್ನ ಗಂಡ ಚೀಲ ಹಾಕ್ಕೊಂಡು ಹರಾಜಿಗೆ ಹೋಗಿರ್ತಾನೆ. ಪೂಜಾರಿ ದುರ್ಗಯ್ಯಂಗೆ ಹೇಳಾಗೈತೆ. ಅಷ್ಟೆತ್ತರಕ್ಕೆ ಕುರಿ ಕಾಯೋರು ಬಿಟ್ರೆ ಯಾರೂ ಬರಲ್ಲ."

"ನಂಗ್ಯಾಕೆ ಹೇಳಲಿಲ್ಲ?"

"ನಿನ್ನ ಮುಖ ಬಸ್ಸಿನ ಬೋರ್ಡು ಇದ್ದಂಗೆ ಕಣೇ. ಯಾವೂರಿಗೆ ಹೋಗ್ತದೆ ಅಂತ ದಾರೀಲಿ ನಿಂತೋರಿಗೆಲ್ಲ ಗೊತ್ತಾಗ್ತದೆ."

ಪುಟ್ಟಗೌರಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಳು. "ಅವತ್ತು ನಾನು ಎಲ್ಲಿರಬೇಕು ಅಂತ ಮಾಡಿದ್ರಿ?"

"ಮನೇಲಿ. ಹಸ ಕರೆಯೋರು ಬ್ಯಾಡ್ವಾ?"

ಹೊನ್ನವಳ್ಳಿಗೆ ಹೊಲಿಗೆ ಕಲಿಯಲು ಹೋಗಿದ್ದ ಸುನಂದಾ ಆಗಲೇ ಬಂದಳು. ಹಗಲು ಹೊತ್ತಿನಲ್ಲಿ ಹಾಕಿದ ಬಾಗಿಲು ತಳ್ಳಿಕೊಂಡು ಬಂದವಳಿಗೆ ಅಮ್ಮನ ಮಡಿಲಲ್ಲಿದ್ದ ಗಂಟು ಕಂಡಿತು. ಚೀಲವನ್ನು ಗೂಟಕ್ಕೆ ಹಾಕಿದಳು.

"ಓಡಿ ಹೋಗೋಕೆ ಹೊರಟಿದ್ದೀಯೇನೇ?"

"ಎಲ್ಲಿಗೆ ಓಡ್ತಿದ್ದೀನಮ್ಮ? ಅತ್ತೆ ಮನೆಗೆ ತಾನೆ. ಚಿಕ್ಕೋಳಿದ್ದಾಗ ರಜಕ್ಕೆ ನೀನೇ ಕಳಿಸ್ತಿದ್ದೆ."

"ರಜಕ್ಕೆ ಹೋಗೋದೂ ಇದೂ ಒಂದೇನಾ? ಅಪ್ಪನ್ನ ಒಂದು ಮಾತು ಕೇಳಬಾರದಾ?"

"ಕೇಳ್ತೀನಿ ಬೇಕಾದ್ರೆ. ಏನಂತಾರೆ ಅಂತ ನಿಂಗೂ ಗೊತ್ತು."

"ತಾಯಿ ಇಲ್ದೋಳ ಥರ ತಾಳಿ ಕಟ್ಟಿಸ್ಕೊಂತೀಯಾ?"

ಸುನಂದಾ ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ನೀನು ಬಂದ್ರೆ ಆಮೇಲೆ ಅಪ್ಪ ನಿನ್ನ ಮನೇಲಿ ಇಟ್ಕೋತಾರಾ? ನಂಗೊತ್ತಿಲ್ಲ ಅಂತ ಹೇಳೋಕೆ ನಿಂಗೊಂದು ದಾರಿ ಇರಲಿ ಅಂತ ಹೇಳಲಿಲ್ಲ."

"ಇವಾಗ ಆ ದಾರೀನೂ ಹೋಯ್ತು," ಅಂದಳು ಪುಟ್ಟಗೌರಮ್ಮ. "ಯಾರು ನಿಮ್ಮನ್ನ ಮಡಿಲಕ್ಕಿ ಗಿಟುಕು ಅಟ್ಟದ ಮೇಲಿಡಿ ಅಂದದ್ದು?"

"ಇನ್ನೆಲ್ಲಿಡೋದು? ಇಲಿ ತಿನ್ನಲಿ ಅಂತ ಕೆಳಗಿಡಲಾ?" ಕೆಂಪಕ್ಕ ಮತ್ತೆ ಮೊರ ಎತ್ತಿಕೊಂಡಳು. "ಕದ್ದು ಮದುವೆ ಅಂತ ನನ್ನ ಮೊಮ್ಮಗಳನ್ನ ಬರಿ ಮಡಿಲಲ್ಲಿ ಕಳಿಸಲಾ?"

ಅವತ್ತು ಸಂಜೆ ಮುದ್ದೆಗೆ ಹುರುಳಿಕಟ್ಟಿನ ಸಾರು. ಮಾಯಣ್ಣ ತೋಟದಿಂದ ಬಂದು ಕೈಕಾಲು ತೊಳೆದು ಕೂತ. ಊಟಕ್ಕೆ ಕೂತಾಗ ಹೆಚ್ಚು ಮಾತಾಡುವ ಗಂಡಸಲ್ಲ, ಆದರೆ ಅವತ್ತು ಖುಷಿಯಲ್ಲಿದ್ದ.

"ತುರುವೇಕೆರೆಯವರು ಫೋನ್ ಮಾಡಿದ್ರು. ಹುಡುಗಂಗೆ ಅಮ್ಮಸಂದ್ರದಲ್ಲಿ ಕೆಲಸ ಕಾಯಂ ಆಯ್ತಂತೆ. ಅವರ ತಾಯಿ ನಮ್ಮ ಸುನಂದನ್ನ ಬಾಳ ಮೆಚ್ಕೊಂಡವ್ರೆ."

"ಮೆಚ್ಚದೆ ಏನು," ಅಂದಳು ಕೆಂಪಕ್ಕ. "ನಮ್ಮನೇಲಿ ಕೂತು ಎಂಟು ಹೋಳಿಗೆ ತಿಂದ್ಲು. ಹೋಳಿಗೆ ಮೆಚ್ಚಿದ್ಲೋ ಹುಡುಗಿ ಮೆಚ್ಚಿದ್ಲೋ."

"ಅವ್ವ, ನೀನು ಸುಮ್ಕಿರು."

ಸುನಂದಾ ಸಾರಿನ ಸೌಟು ಹಿಡಿದು ಅಪ್ಪನ ಎದುರೇ ನಿಂತಿದ್ದಳು. ಪುಟ್ಟಗೌರಮ್ಮ ಬೇಡ ಅಂತ ಕಣ್ಣು ಮಾಡುವುದರೊಳಗೆ ಕೇಳಿಯೇಬಿಟ್ಟಳು.

"ಅಪ್ಪ, ಅರುಣ ಆಗಲ್ವಾ?"

ಮಾಯಣ್ಣ ಮುರಿದ ಮುದ್ದೆಯನ್ನು ತಟ್ಟೆಯ ಅಂಚಿಗಿಟ್ಟ. ಕೋಪ ಬಂದರೆ ಅವನ ದನಿ ಏರುವುದಿಲ್ಲ, ಇಳಿಯುತ್ತದೆ. "ಆ ಮನೆ ನೀರು ನಾನು ಕುಡಿಯಲ್ಲ. ಅಲ್ಲಿ ನನ್ನ ಮಗಳು ನೀರು ಸೇದ್ಕೊಂಡು ಬದುಕಬೇಕಾ? ನಾನು ಮಗಳ ಮನೆಗೆ ಹೋಗಿ ಬಾಯಾರಿ ವಾಪಸ್ ಬರಬೇಕಾ?"

"ಅವತ್ತು ಅವರೇನು ಬೇಕು ಅಂತ ಮಾಡಲಿಲ್ಲ ಕಣಪ್ಪ," ಅಂದಳು ಕೆಂಪಕ್ಕ.

"ಒಂದು ಗಂಟೆ ಕಾಯಲಿಲ್ಲ, ಅವ್ವ. ಮಾವ ಬತ್ತಾನೆ, ತಡೀರಿ ಅಂತ ಅಷ್ಟು ಜನದಲ್ಲಿ ಒಬ್ಬರೂ ಅನ್ನಲಿಲ್ಲ. ನೀನೂ ಅಲ್ಲೇ ಇದ್ದೆ." ತಟ್ಟೆಯಲ್ಲೇ ಕೈ ತೊಳೆದು ಎದ್ದ. "ಬರೋ ವಾರ ಶುಕ್ರವಾರ ಹೂ ಮುಡಿಸೋಕೆ ಬರಕ್ಕೆ ಹೇಳ್ತೀನಿ."

ಅವನು ಅತ್ತ ಹೋದ ಮೇಲೆ ಕೆಂಪಕ್ಕ ಮೊಮ್ಮಗಳಿಗೆ ಅಂದಳು: "ಹಂಗಾದ್ರೆ ಅದರ ಹಿಂದಿನ ಬುಧವಾರ."

ಆ ದಿನಗಳನ್ನು ಪುಟ್ಟಗೌರಮ್ಮ ಹೇಗೆ ತಳ್ಳಿದಳೋ ಅವಳಿಗೇ ಗೊತ್ತು. ಸಾರಿಗೆ ಉಪ್ಪು ಎರಡು ಸಲ ಬಿತ್ತು, ಇನ್ನೊಂದು ದಿನ ಬೀಳಲೇ ಇಲ್ಲ. ಕಾಯಿ ಸುಲಿಯೋಕೆ ಬಂದ ಆಳುಗಳಿಗೆ ಕಾಫಿ ಕೊಟ್ಟು ಸಕ್ಕರೆ ಹಾಕಿಲ್ಲ ಅಂತ ಬೈಸಿಕೊಂಡಳು. ಹೂ ಮುಡಿಸುವವರಿಗೆ ಮಾಡಬೇಕಾದ ಚಕ್ಕುಲಿಗೆ ಅಕ್ಕಿ ತೊಳೆದು ಒಣಗಿಸುವುದೂ ಅವಳೇ, ಗುಡ್ಡಕ್ಕೆ ಒಯ್ಯುವ ಮಡಿಲಕ್ಕಿಗೆ ಅಕ್ಕಿ ಆರಿಸುವುದೂ ಅವಳೇ. ಎರಡು ಮೊರ, ಎರಡು ಅಕ್ಕಿ. ಕೆಂಪಕ್ಕ ಬಂದು ನೋಡಿ, "ಇದರಲ್ಲಿ ಯಾವುದು ನಮ್ದು?" ಅಂದರೆ, "ಎರಡೂ ಕಲೆಸಿಬುಡ್ತೀನಿ, ಆಮೇಲೆ ನೀವೇ ಆರಿಸ್ಕೊಳಿ," ಅಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಬರ್ತೀಯೇನಮ್ಮ?" ಅಂತ ಸುನಂದಾ ಒಮ್ಮೆ ಕೇಳಿದಳು.

"ನಾನು ಬರಲ್ಲ. ನಾನು ನೋಡಿಲ್ಲ, ನಂಗೊತ್ತಿಲ್ಲ."

"ಸರಿ."

"ಏನು ಸರಿ? ಬಾ ಅಂತ ಒಂದು ಮಾತು ಬಾಯಲ್ಲಿ ಬರಲ್ವಾ ನಿಂಗೆ?"

"ಬಾ ಅಂದ್ರೂ ಬೈತೀಯ, ಸರಿ ಅಂದ್ರೂ ಬೈತೀಯ."

ಸೋಮವಾರ ಮಧ್ಯಾಹ್ನ ಅವಳು ಗಂಡನಿಗೆ ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದಳು. ಹೇಳಿಬಿಡಬೇಕು ಅಂತಲೇ ಹೋದಳು. ಮಾಯಣ್ಣ ಮರದ ಪಾತಿಗೆ ನೀರು ತಿರುಗಿಸಿ ಗುದ್ದಲಿ ಊರಿಕೊಂಡು ನಿಂತಿದ್ದ. ರೊಟ್ಟಿ ಮುರಿಯುತ್ತಾ ಅವನೇ ಮಾತು ತೆಗೆದ.

"ಗೌರಾ, ನಿಮ್ಮಣ್ಣಂಗೆ ಶುಕ್ರವಾರ ಬರೋಕೆ ಹೇಳಿದ್ಯಾ?"

"ಹೇಳಿಲ್ಲ."

"ಹೇಳು. ಸೋದರಮಾವ ಮುಂದೆ ಇರಬೇಕು. ಆಮೇಲೆ ಅವರು ಹೂ ಮುಡಿಸಿದ ಮೇಲೆ ನಮ್ಮ ಕಡೆಯಿಂದ ಹುಡುಗಿಗೆ ಆರತಿ ಎತ್ತಬೇಕು. ಅದು ಸೋದರತ್ತೆ..." ಅವನು ರೊಟ್ಟಿ ಅಗಿದ. "ಯಾರನ್ನಾದ್ರೂ ನಿಲ್ಲಿಸಿದ್ರಾಯ್ತು."

ಅಂದವನು ಹಾಗೇ ನಿಂತ. ಕೈಯಲ್ಲಿದ್ದ ತುಂಡು ಬಾಯಿಗೆ ಹೋಗಲಿಲ್ಲ. ಪುಟ್ಟಗೌರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಪಾತಿ ತುಂಬಿ ನೀರು ದಾರಿಗೆ ಹರಿಯತೊಡಗಿತು, ಅವನಿಗೆ ಕಾಣಲಿಲ್ಲ.

"ನೀರು ಹೋಗ್ತೈತೆ," ಅಂದಳು.

"ಹೂಂ," ಅಂದು ಗುದ್ದಲಿ ಎತ್ತಿದ. "ಏನೋ ಹೇಳೋಕೆ ಬಂದಂಗಿತ್ತು ನೀನು."

"ಏನಿಲ್ಲ. ಚಟ್ನಿಗೆ ಖಾರ ಜಾಸ್ತಿ ಆಯ್ತೇನೋ ಅಂತ."

ಬುಧವಾರ ಬೆಳಿಗ್ಗೆ ಮಾಯಣ್ಣ ಚೀಲಗಳನ್ನು ಟೆಂಪೋಗೆ ಹೇರಿಸಿ ತಿಪಟೂರಿಗೆ ಹೊರಟ. ಟೆಂಪೋ ತಿರುವು ದಾಟುತ್ತಿದ್ದ ಹಾಗೆ ಕೆಂಪಕ್ಕ ಹರಕೆಯ ಬುಟ್ಟಿ ಹೊತ್ತು, ಸುನಂದಾ ಹಳೇ ಸೀರೆಯೊಳಗೆ ಹೊಸ ಸೀರೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಹೊಸಲು ದಾಟುವಾಗ ಸುನಂದಾ ಬಗ್ಗಿ ಅಮ್ಮನ ಕಾಲು ಮುಟ್ಟಿದಳು. ಪುಟ್ಟಗೌರಮ್ಮ ಹಸುವಿನ ಕೆಚ್ಚಲು ತೊಳೆಯುವ ಚೊಂಬು ಹಿಡಿದು ಕೊಟ್ಟಿಗೆಗೆ ಹೋಗಿಬಿಟ್ಟಳು.

ಹಾಲು ಕರೆದಳು. ಡೈರಿಗೆ ಹಾಕಿ ಬಂದಳು. ಪಾತ್ರೆ ತಿಕ್ಕಿದಳು. ತಿಕ್ಕಿದ ಪಾತ್ರೆಯನ್ನೇ ಇನ್ನೊಂದು ಸಲ ತಿಕ್ಕುತ್ತಿದ್ದಾಗ ತನ್ನ ಕೈ ತಾನೇ ನೋಡಿಕೊಂಡು, ಬೂದಿ ತೊಳೆದು, ಇದ್ದ ಸೀರೆಯಲ್ಲೇ ಬಾಗಿಲಿಗೆ ಬೀಗ ಹಾಕಿ ಬಸ್ಸಿಗೆ ಓಡಿದಳು.

ಜೇನುಗುಡ್ಡದ ಬುಡದಲ್ಲಿ ಬಸ್ಸು ಇಳಿದರೆ ಮೇಲಕ್ಕೆ ಕುರಿದಾರಿ. ಕಾರೆ ಮುಳ್ಳು, ಜಾರುವ ಸಣ್ಣ ಕಲ್ಲು, ಬೆನ್ನಿಗೆ ಬಿಸಿಲು. ತುದಿಯಲ್ಲಿ ಗುಡ್ಡ ಬೊಗಸೆ ಹಿಡಿದ ಹಾಗೆ ತಗ್ಗಾಗಿ, ಆ ತಗ್ಗಿನಲ್ಲಿ ಕೆರೆ. ಯಾವ ಕಾಲದಲ್ಲಿ ಯಾರು ಕಟ್ಟಿದರೋ, ಒಂದು ಕಡೆ ಕಲ್ಲಿನ ಏರಿ, ಏರಿಯ ಮೇಲೆ ಗಂಗಮ್ಮನ ಗುಡಿ. ನೀರು ಕಪ್ಪಗೆ, ಅಲುಗಾಡದೆ ನಿಂತಿತ್ತು. ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿ ಲಕ್ಷ್ಮಿದೇವಮ್ಮ ಪಾಯಸ ಕಲಕುತ್ತಿದ್ದಳು. ಗಾಢ ಹಸಿರು ಸೀರೆಯಲ್ಲಿ ಸುನಂದಾ ಆಗಲೇ ಮಣೆಯ ಮೇಲೆ. ಪಕ್ಕದಲ್ಲಿ ಅರುಣ, ಹೊಸ ಪಂಚೆ ಕಾಲಿಗೆ ತೊಡರುತ್ತದೆ ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡು. ಅವನ ಗೆಳೆಯ, ತಿಪಟೂರಿನಲ್ಲಿ ಗ್ಯಾರೇಜ್ ಇಟ್ಟಿರುವ ಇಮ್ದಾದ್, ಬಾಳೆಎಲೆ ಒರೆಸುತ್ತಾ ಕೂತಿದ್ದ.

ಪುಟ್ಟಗೌರಮ್ಮನನ್ನು ಕಂಡು ಎಲ್ಲರೂ ಕುರಿದಾರಿಯ ಕಡೆ ನೋಡಿದರು.

"ಹಿಂದೆ ಯಾರವ್ರೆ?" ಅಂದಳು ಕೆಂಪಕ್ಕ.

"ಯಾರೂ ಇಲ್ಲ."

ಲಕ್ಷ್ಮಿದೇವಮ್ಮ ಸೌಟು ಬಿಟ್ಟು ಬಂದು ಅತ್ತಿಗೆಯ ಕೈ ಹಿಡಿದಳು. ಆರು ವರ್ಷದಲ್ಲಿ ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. "ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ," ಅಂದಳು. ಪುಟ್ಟಗೌರಮ್ಮ ಕುಡಿದಳು.

ಪೂಜಾರಿ ದುರ್ಗಯ್ಯ ಅವಸರದಲ್ಲಿದ್ದ. "ಮುಹೂರ್ತ ಬಂತು. ಗಂಡುಹೆಣ್ಣು ಎದ್ದು ನಿಂತ್ಕೊಳಿ. ಧಾರೆಗೆ ಹಾಲು ಎಲ್ಲಿ?" ಅಂದು ತನ್ನ ಹೆಂಡತಿಯನ್ನು ಕರೆದ. "ಬಾರೇ, ಈ ಕಡೆ ನಿಂತ್ಕೊ."

"ಅವರ್ಯಾಕೆ?" ಅಂದಳು ಪುಟ್ಟಗೌರಮ್ಮ.

"ಧಾರೆ ಎರೆಯೋಕೆ ದಂಪತಿ ಬ್ಯಾಡ್ವೇನಮ್ಮ. ಹೆಣ್ಣಿನ ಕಡೆ ಗಂಡಹೆಂಡ್ತಿ ಯಾರೂ ಇಲ್ಲ ಅಂದ್ರು ಅಜ್ಜಿ. ನಾವಿಬ್ಬರೂ ಅಪ್ಪಅಮ್ಮನ ಜಾಗದಲ್ಲಿ ನಿಂತ್ಕೊಂತೀವಿ."

"ಯಾರನ್ನಾದ್ರೂ ನಿಲ್ಲಿಸೋದು ಇನ್ನೊಂದು ಸಲ ಬ್ಯಾಡ," ಅಂದಳು ಪುಟ್ಟಗೌರಮ್ಮ.

"ಏನೇ ಅದು?" ಕೆಂಪಕ್ಕ ಹುಬ್ಬು ಗಂಟಿಕ್ಕಿದಳು.

"ಒಂದು ಸಲ ಹಿಂಗೆ ಮಾಡಿದ್ದಕ್ಕೆ ಆರು ವರ್ಷ ಆಯ್ತು, ನೀವು ಮಗಳ ಮನೆ ಅನ್ನ ಉಂಡಿಲ್ಲ, ನಾನು ನಾದಿನಿ ಮುಖ ನೋಡಿಲ್ಲ. ಇವತ್ತೂ ಮಾಡಿದ್ರೆ ಸಾಯೋ ತನಕ ಅಷ್ಟೆ. ನಾನು ಹೋಗಿ ಅವರನ್ನ ಕರ್ಕೊಂಡು ಬತ್ತೀನಿ. ಅಲ್ಲೀವರೆಗೂ ತಾಳಿ ಕಟ್ಟಬ್ಯಾಡಿ."

"ಅವನು ಬಂದ್ರೆ ಮಚ್ಚು ತಕ್ಕೊಂಡು ಬತ್ತಾನೆ."

"ತರಲಿ."

"ಮುಹೂರ್ತ ಹೋಗ್ತದಮ್ಮ," ಅಂದ ದುರ್ಗಯ್ಯ.

"ಹೋಗ್ಲಿ."

ಸುನಂದಾ ಮಣೆಯಿಂದ ಇಳಿದು ಬಂದಳು. ಬಾಸಿಂಗದ ಕೆಳಗೆ ಅವಳ ಮುಖ ಬಿಳಿಚಿಕೊಂಡಿತ್ತು. "ನೀನು ನನ್ನ ಹಿಡಿದು ಕೊಡೋಕೆ ಬಂದ್ಯಾ? ಹಂಗಾದ್ರೆ ಮನೇಲೇ ಹೇಳಬೇಕಿತ್ತು. ಇಲ್ಲೀ ತನಕ ಬಿಟ್ಟು, ಬಾಸಿಂಗ ಕಟ್ಟಿಸ್ಕೊಂಡ ಮೇಲೆ..."

"ನಾನು ಕರ್ಕೊಂಡು ಬತ್ತೀನಿ ಅಂದೆ. ಹಿಡ್ಕೊಂಡು ಹೋಗ್ತೀನಿ ಅನ್ನಲಿಲ್ಲ."

"ಅಪ್ಪ ಬರಲ್ಲ. ಶುಕ್ರವಾರ ನನ್ನ ತಲೆಗೆ ಅವರ ಹೂ ಬೀಳ್ತದೆ. ಅಷ್ಟೇ ಆಗೋದು."

ಅರುಣ ಅಮ್ಮನ ಕಡೆ ನೋಡಿದ. ಎಲ್ಲರೂ ಲಕ್ಷ್ಮಿದೇವಮ್ಮನ ಕಡೆ ನೋಡಿದರು. ಅವಳು ಒಲೆಯಿಂದ ಒಂದು ಕೊಳ್ಳಿ ಹೊರಕ್ಕೆಳೆದು ಮಣ್ಣಿಗೆ ಒತ್ತಿ ಆರಿ‌ಸಿದಳು.

"ಕಾಯ್ತೀವಿ," ಅಂದಳು. "ಹೋಗಿ ಬಾ ಅತ್ತಿಗೆ. ಅವತ್ತು ನಾನು ಬಾಯಿ ಮುಚ್ಕೊಂಡು ನಿಂತಿದ್ದೆ. ಕತ್ತಲಾದ್ರೂ ಸರಿ, ಇವತ್ತು ಕಾಯ್ತೀವಿ."

ಗುಡ್ಡದ ಬುಡದಲ್ಲಿ ಇಮ್ದಾದನ ಮೋಟರ್‌ಸೈಕಲ್ ನಿಂತಿತ್ತು. ಪುಟ್ಟಗೌರಮ್ಮ ಯಾವತ್ತೂ ಅಂಥದ್ದರ ಮೇಲೆ ಕೂತವಳಲ್ಲ.

"ನನ್ನ ಭುಜ ಹಿಡ್ಕೊಳಿ ಅಮ್ಮ. ಸಂಕೋಚ ಬೇಡ, ನಮ್ಮಮ್ಮನೂ ಹಿಂಗೇ ಹೆದರ್ತಾರೆ," ಅಂದ ಅವನು.

"ಮೆಲ್ಲಗೆ ಹೊಡಿ ಕಣಪ್ಪ."

"ಮೆಲ್ಲಗೆ ಹೋದ್ರೆ ಹರಾಜು ಮುಗಿದು ಅವರು ಮನೆಗೆ ಹೋಗ್ಬಿಡ್ತಾರೆ. ಬೀಗ ನೋಡಿದ್ರೆ ಆಮೇಲೆ ಕಷ್ಟ."

"ಹಂಗಾದ್ರೆ ಜೋರಾಗೇ ಹೊಡಿ," ಅಂದು ಅವಳು ಕಣ್ಣು ಮುಚ್ಚಿದಳು.

ಮಂಡಿಯಲ್ಲಿ ಹೆಂಗಸರು ಕಮ್ಮಿ. ಚೀಲಗಳ ಸಾಲು, ನಡುವೆ ಕೊಬ್ಬರಿ ಕೈಗೆತ್ತಿ ಗಟ್ಟಿ ನೋಡುವ ವರ್ತಕರು, ಎಣ್ಣೆಯ ವಾಸನೆ. ಮಾಯಣ್ಣ ತನ್ನ ಚೀಲದ ಮೇಲೆ ಕೂತು, ಪಕ್ಕದ ಊರಿನ ಶಿವಣ್ಣನ ಜೊತೆ ನುಸಿ ರೋಗದ ಮಾತಾಡುತ್ತಿದ್ದ. ಕೆದರಿದ ತಲೆ, ಮುಳ್ಳಿಗೆ ಹರಿದ ಸೆರಗು ಹೊತ್ತು ಬಂದ ಹೆಂಡತಿಯನ್ನು ಕಂಡು ಎದ್ದು ನಿಂತ.

"ಅವ್ವಂಗೇನಾಯ್ತು?"

"ಏನೂ ಆಗಿಲ್ಲ. ಈ ಕಡೆ ಬನ್ನಿ."

ಗೋಡೆಯ ಮರೆಗೆ ಕರೆದೊಯ್ದು ಹೇಳಿದಳು. ಒಂದೇ ಉಸಿರಿಗೆ, ಅಟ್ಟದ ಗಂಟಿನಿಂದ ಹಿಡಿದು ದುರ್ಗಯ್ಯನ ಹೆಂಡತಿಯವರೆಗೆ. ಅವನು ನೆಲ ನೋಡುತ್ತಾ ಕೇಳಿದ.

"ನಿಂಗೆ ಅವತ್ತಿಂದ ಗೊತ್ತಿತ್ತು."

"ಹೂಂ."

"ಗೊತ್ತಿದ್ದೂ ದಿನಾ ನಂಗೆ ಅನ್ನ ಬಡಿಸ್ತಿದ್ದೆ."

"ಹೂಂ. ಉಪ್ಪು ಹೆಚ್ಚುಕಮ್ಮಿ ಆಗ್ತಿತ್ತಲ್ಲ, ಅದಕ್ಕೇ."

"ತಾಳಿ ಕಟ್ಟಾಯ್ತಾ?"

"ಇಲ್ಲ. ಕಾಯ್ತಾ ಕೂತವ್ರೆ."

"ಯಾರಿಗೆ?"

"ಇನ್ಯಾರಿಗೆ? ನಿಮಗೆ."

"ಮುಹೂರ್ತ?"

"ಯಾವಾಗಲೋ ಹೋಯ್ತು."

ಮಾಯಣ್ಣ ಮುಖವನ್ನು ಟವೆಲ್ಲಿನಿಂದ ಒತ್ತಿ ಒರೆಸಿಕೊಂಡ. "ಕಾಯ್ರಿ ಅಂದೋರು ಯಾರು? ನೀನಾ?"

"ನಾನೂ ಅಂದೆ. ಆದ್ರೆ ನನ್ನ ಮಾತು ಯಾರು ಕೇಳ್ತಾರೆ? ನಿಮ್ಮ ತಂಗಿ ಒಲೆ ಆರಿಸಿ ಕೂತ್ಲು."

ಅಷ್ಟರಲ್ಲಿ ಬೋರ್ಡಿಗೆ ದರ ಬರೆಯಲು ಗುಮಾಸ್ತ ಬಂದ, ಜನ ಆ ಕಡೆ ನುಗ್ಗಿತು. "ಮಾಯಣ್ಣ, ನಿನ್ನ ಲಾಟು ಬತ್ತೈತೆ ಕಣ್ಲಾ," ಅಂತ ಶಿವಣ್ಣ ಕೂಗಿದ. ಮಾಯಣ್ಣ ಬೋರ್ಡಿನ ಕಡೆ ನೋಡಿದ, ಹೆಂಡತಿಯ ಹರಿದ ಸೆರಗಿನ ಕಡೆ ನೋಡಿದ.

"ಶಿವಣ್ಣ, ಎಷ್ಟು ಬಿದ್ರೂ ಕೊಟ್ಬುಡು. ತೂಕ ನೀನೇ ನೋಡ್ಕೊ," ಅಂದು ಹೊರಟ.

ಅವನು ಯಾಕೆ ಹೊರಟ ಅಂತ ಪುಟ್ಟಗೌರಮ್ಮನಿಗೆ ಗೊತ್ತಾಗಲಿಲ್ಲ. ಕೊಡಲು ಬರುತ್ತಿದ್ದಾನೋ, ಕಿತ್ತುಕೊಂಡು ಬರಲು ಹೋಗುತ್ತಿದ್ದಾನೋ. ಮೋಟರ್‌ಸೈಕಲ್ಲಿನ ಮೇಲೆ ಮೂವರೂ ಒತ್ತಿಕೊಂಡು ಕೂತರು. "ಪೊಲೀಸರು ಕಂಡ್ರೆ ಹಿಡೀತಾರೆ ಸಾಹೇಬರೇ, ಸ್ವಲ್ಪ ಬಗ್ಗಿ ಕೂತ್ಕೊಳಿ," ಅಂದ ಇಮ್ದಾದ್. "ಬಗ್ಗಿದ್ರೆ ಮೂವರು ಇಬ್ಬರಾಗ್ತೀವೇನಯ್ಯಾ?" ಅಂದ ಮಾಯಣ್ಣ.

ಗುಡ್ಡ ಹತ್ತುವಾಗ ಅವನು ಮುಂದೆ, ಅವಳು ಹಿಂದೆ. ಒಮ್ಮೆ ನಿಂತು ಉಸಿರು ತೆಗೆದುಕೊಂಡ. "ವಾಪಸ್ ಹೋಗ್ತೀರಾ?" ಅಂತ ಕೇಳಿದಳು. ಅವನು ಮತ್ತೆ ಹತ್ತತೊಡಗಿದ.

ಏರಿಯ ಮೇಲೆ ಬೇವಿನ ನೆರಳು ಆಚೆ ಬದಿಗೆ ಹೊರಳಿತ್ತು. ಯಾರೂ ಉಂಡಿರಲಿಲ್ಲ. ಹಾಸಿದ ಎಲೆಗಳು ಬಾಡಿ ಸುತ್ತಿಕೊಂಡಿದ್ದವು. ಕೆಂಪಕ್ಕ ಗುಡಿಯ ಕಟ್ಟೆಯ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದವಳು ಮಗನ ಹೆಜ್ಜೆ ಕೇಳಿ ಎದ್ದು, ಮೊಮ್ಮಗಳ ಮುಂದೆ ಅಡ್ಡ ನಿಂತಳು. "ಏನಾದ್ರೂ ಮಾಡೋದಿದ್ರೆ ನಂಗೆ ಮಾಡು. ಕಟ್ಟಿಸೋಕೆ ಹೊರಟೋಳು ನಾನು."

ಮಾಯಣ್ಣ ಅವಳನ್ನು ಬಳಸಿಕೊಂಡು ಮುಂದೆ ಹೋದ. ಮಗಳ ಕೈ ಹಿಡಿದ. ಗಟ್ಟಿಯಾಗಿಯೇ ಹಿಡಿದ, ಬಳೆಯೊಂದು ಪಟ್ ಅಂದಿತು. ಅರುಣ ಒಂದು ಹೆಜ್ಜೆ ಮುಂದೆ ಬಂದವನನ್ನು ಲಕ್ಷ್ಮಿದೇವಮ್ಮ ತೋಳು ಹಿಡಿದು ತಡೆದಳು. ಸುನಂದಾ ಕೈ ಬಿಡಿಸಿಕೊಳ್ಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಬೆಳಿಗ್ಗೆ ಏನು ತಿಂದೆ?" ಅಂದ ಮಾಯಣ್ಣ.

"ಏನೂ ಇಲ್ಲ."

"ಹಸ್ಕೊಂಡು ಇಷ್ಟೊತ್ತು ನಿಂತಿದ್ದೀಯಾ?"

"ಹೂಂ."

ಅವನು ಅವಳ ಕೈಯನ್ನು ಹಾಗೇ ಹಿಡಿದುಕೊಂಡು ದುರ್ಗಯ್ಯನ ಕಡೆ ತಿರುಗಿದ. "ಚೊಂಬು ಎಲ್ಲಿ?"

ಚೊಂಬಿನ ಹಾಲು ಬಿಸಿಲಿಗೆ ಒಡೆದುಹೋಗಿತ್ತು. ದುರ್ಗಯ್ಯ ಅದನ್ನು ಕಲ್ಲಿನ ಮೇಲೆ ಸುರಿದು, ಕೆರೆಗೆ ಇಳಿದು ನೀರು ತುಂಬಿಕೊಂಡು ಬಂದ. ಗಂಡುಹೆಣ್ಣಿನ ಕೂಡಿಸಿದ ಬೊಗಸೆಯಲ್ಲಿ ಕಾಯಿ ಇಟ್ಟರು. ಮಾಯಣ್ಣ ಚೊಂಬು ಬಗ್ಗಿಸಿದ, ಪುಟ್ಟಗೌರಮ್ಮ ಅವನ ಕೈಗೆ ಕೈ ಹಚ್ಚಿದಳು. ನೀರು ಕಾಯಿಯ ಮೇಲಿಂದ ಇಳಿದು ಅರುಣನ ಹೊಸ ಪಂಚೆ ನೆನೆಸಿತು. ಗಟ್ಟಿಮೇಳ ಬಾರಿಸೋರಿಲ್ಲದೆ ಇಮ್ದಾದ್ ತಟ್ಟೆಗೆ ಸೌಟು ಬಡಿದ. ತಾಳಿ ಬಿತ್ತು. ಕೆಂಪಕ್ಕ ಮೂಗು ಒರೆಸಿಕೊಳ್ಳುತ್ತಾ ಐದು ಗಿಟುಕನ್ನು ಮೊಮ್ಮಗಳ ಮಡಿಲಿಗೆ ಹಾಕಿದಳು.

ಲಕ್ಷ್ಮಿದೇವಮ್ಮ ಹೊಸ ಎಲೆ ಹಾಸಿದಳು. ಮೊದಲನೆಯದರ ಮುಂದೆ ನಿಂತು, "ಅಣ್ಣ, ಕೂತ್ಕೊ," ಅಂದಳು.

ಮಾಯಣ್ಣ ತಂಗಿಯ ಮುಖ ನೋಡಲಿಲ್ಲ. "ನೀವು ಕಾದಿದ್ದು ಆಯ್ತು, ನಾನು ಎರೆದಿದ್ದೂ ಆಯ್ತು. ಅವತ್ತು ಆಡಿದ ಮಾತು ಹಂಗೇ ಐತೆ," ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡ. "ನಡಿ ಗೌರಾ. ಹಸ ಕಾಯ್ತಿರ್ತದೆ."

ಪುಟ್ಟಗೌರಮ್ಮ ಎರಡು ಹೆಜ್ಜೆ ಅವನ ಹಿಂದೆ ಹೋದಳು. ಮದುವೆಯಾದಂದಿನಿಂದ ಅವನು ನಡಿ ಅಂದಾಗ ನಡೆದೇ ಅಭ್ಯಾಸ. ಆಮೇಲೆ ನಿಂತಳು.

"ನೀವು ನಡೀರಿ. ನಾನು ಉಂಡು ಬತ್ತೀನಿ."

"ಏನಂದೆ?"

"ಮಗಳ ಮದುವೆ ಊಟ ನಾನು ಬಿಡಲ್ಲ. ಮಾತು ನೀವು ಆಡಿದ್ದು, ನಾನಲ್ಲ."

ಅವಳು ವಾಪಸ್ಸು ಬಂದು ಎಲೆಯ ಮುಂದೆ ಕೂತಳು. ಸುನಂದಾ ಹಸೆಯಿಂದಲೇ ಅಮ್ಮನನ್ನು ನೋಡುತ್ತಿದ್ದಳು. ಲಕ್ಷ್ಮಿದೇವಮ್ಮ ಅನ್ನ ಬಡಿಸಿದಳು, ಹುಳಿ ಬಿಟ್ಟಳು, ಪಾಯಸ ಹಾಕುವಾಗ ಅವಳ ಕಣ್ಣು ಎಲ್ಲೋ ಇತ್ತು. ಪುಟ್ಟಗೌರಮ್ಮ ತಲೆ ಎತ್ತಿ ನೋಡಿದಳು. ಮಾಯಣ್ಣ ಏರಿಯ ತುದಿಯವರೆಗೆ ಹೋಗಿದ್ದ. ಅಲ್ಲಿಂದ ಕುರಿದಾರಿ ಇಳಿಯುತ್ತದೆ. ಅವನು ಇಳಿಯಲಿಲ್ಲ. ಒಂದು ಬಂಡೆ ನೋಡಿ, ಇವರಿಗೆ ಬೆನ್ನು ಹಾಕಿ, ಕೆರೆಯ ಕಡೆ ಮುಖ ಮಾಡಿಕೊಂಡು ಕೂತ.

"ಅಣ್ಣ ಕಾಯ್ತಾ ಕೂತವ್ನೆ ಅತ್ತಿಗೆ," ಅಂದಳು ಲಕ್ಷ್ಮಿದೇವಮ್ಮ ಪಿಸುಗುಟ್ಟಿ. "ಬೇಗ ಉಣ್ಣು."

"ಕಾಯಲಿ ಬುಡು," ಅಂದಳು ಪುಟ್ಟಗೌರಮ್ಮ. "ಇನ್ನೊಂದು ಸೌಟು ಹಾಕು."